ರುದ್ರಾಣಿಯ ವರ್ಧಂತಿ

ದೇವನೂರು, ೧೯೦೯ನೇ ಇಸವಿ ಫೆಬ್ರವರಿ ೧೬, ಮಂಗಳವಾರ, ಸಂಜೆ ೬-೨೦

ಇವತ್ತಿನಿಂದ ದಿನಚರಿ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಸ್ಕೂಲಿನಲ್ಲಿ ಗಂಟಲು ಹರಿದುಕೊಳ್ಳುವವನಿಗೆ ಮನೆಗೆ ಬಂದರೆ ಒಂದು ಮಾತಿಗೂ ಜನವಿಲ್ಲ. ನನ್ನ ಹೆಂಡತಿ ರುದ್ರಾಣಿ ಸಂಕ್ರಾಂತಿಗೆಂದು ತವರೂರು ಹೆಮ್ಮಿಗೆಗೆ ಹೋಗಿ ಇವತ್ತಿಗೆ ಮೂವತ್ತನಾಲ್ಕು ದಿನ. ಎಳ್ಳುಬೆಲ್ಲ ತಿಂದು ವಾರದೊಳಗೆ ಬರಬೇಕಾದವಳು. ಮೂರು ಕಾಗದ ಬರೆದೆ. ಒಂದಕ್ಕೆ ಉತ್ತರ ಬಂತು: ‘ನಾನು ಕ್ಷೇಮ. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬೇಡಿ.’

ಕಾರಣ ಗೊತ್ತಿಲ್ಲವೆಂದಲ್ಲ. ಆದರೆ ಅದೊಂದು ಕಾರಣವೇ ಅಲ್ಲ. ನಮ್ಮ ಅಡಿಗೆಮನೆಯ ಗೋಡೆಗೆ ನಾನು ಒಂದು ವೇಳಾಪಟ್ಟಿ ಅಂಟಿಸಿದ್ದೇನೆ. ಐದೂವರೆಗೆ ಬಾಗಿಲು ಸಾರಿಸುವುದು, ಆರಕ್ಕೆ ನೀರು, ಹನ್ನೆರಡಕ್ಕೆ ಊಟ, ಹೀಗೆ. ನಂಜನಗೂಡಿನಿಂದ ಇಬ್ಬರು ಉಪಾಧ್ಯಾಯರು ಊಟಕ್ಕೆ ಬಂದಿದ್ದ ದಿನ ಎಲೆ ಹಾಕಿದಾಗ ಹನ್ನೆರಡು ಇಪ್ಪತ್ತು. ನಾನು ತಮಾಷೆಗೆ, ಸ್ಕೂಲಿನ ಧ್ವನಿಯಲ್ಲೇ, ‘ತಡ ಮಾಡಿದವರು ಮೂಲೆಯಲ್ಲಿ ನಿಲ್ಲತಕ್ಕದ್ದು’ ಎಂದೆ. ಬಂದವರಿಬ್ಬರೂ ಬಿದ್ದುಬಿದ್ದು ನಕ್ಕರು. ಅವಳು ಒಂದು ಸುತ್ತು ಬಡಿಸಿ ಹೋಗಿ ಮೂಲೆಯಲ್ಲಿ ನಿಂತಳು. ನನ್ನ ತಮಾಷೆಯನ್ನು ಅವಳೂ ಮುಂದುವರಿಸುತ್ತಿದ್ದಾಳೆಂದು ನನಗೆ ಒಳಗೇ ಹೆಮ್ಮೆಯಾಯಿತು. ಅದಾಗಿ ನಾಲ್ಕನೇ ದಿನ ತವರಿಗೆ ಗಂಟು ಕಟ್ಟಿದಳು.

ಹಾಸ್ಯಪ್ರಜ್ಞೆ ಎಲ್ಲರಿಗೂ ಇರುವುದಿಲ್ಲ.

ನನ್ನ ಕೈಕೆಳಗಿನ ಉಪಾಧ್ಯಾಯ ಬಸವಯ್ಯ ಇವತ್ತು ಒಂದು ಮಾತು ಹೇಳಿದ. ಮೈಸೂರಿನಲ್ಲಿ ಅವನ ಚಿಕ್ಕಪ್ಪ ಒಬ್ಬ ದೊರೆಯ ಬಂಗಲೆಯಲ್ಲಿ ಗುಮಾಸ್ತ. ಆ ದೊರೆ ಪ್ರತಿವರ್ಷ ದೊರೆಸಾನಿಯ ಹುಟ್ಟಿದ ದಿನ ಆಚರಿಸುತ್ತಾನಂತೆ! ಮಹಾರಾಜರ ವರ್ಧಂತಿಗೆ ನಾವು ಸ್ಕೂಲಿನಲ್ಲಿ ಸಕ್ಕರೆ ಹಂಚುತ್ತೇವೆ. ಹೆಂಡತಿಯ ವರ್ಧಂತಿಗೆ ಹಂಚಿದವರನ್ನು ಈ ಸೀಮೆಯಲ್ಲಿ ಕಾಣೆ. ನಾನೇ ಮೊದಲಿಗನಾದರೆ? ಅವಳು ಸಂತೋಷದಿಂದ ಹಿಂದೆಯೇ ಬರುತ್ತಾಳೆ, ಹಳೆಯದನ್ನು ಎತ್ತಿ ಆಡುವ ಪ್ರಸಂಗವೇ ಬರುವುದಿಲ್ಲ. ಹುಟ್ಟಿದ ದಿನ ಯಾವುದೆಂದು ಕೇಳಿ ಅತ್ತೆಯವರಿಗೆ ಕಾಗದ ಹಾಕಿದ್ದೇನೆ.

ಫೆಬ್ರವರಿ ೨೭, ಶನಿವಾರ, ಬೆಳಿಗ್ಗೆ ೭-೦೫

ಶಿವರಾತ್ರಿಗೂ ಬರಲಿಲ್ಲ. ಒಬ್ಬನೇ ಜಾಗರಣೆ ಮಾಡಿದೆ, ಅಂದರೆ ಹತ್ತು ಗಂಟೆಯವರೆಗೆ.

ಅತ್ತೆ ಮಲ್ಲಾಜಮ್ಮನವರು ಗಾಡಿಯವನ ಬಾಯಲ್ಲಿ ಹೇಳಿ ಕಳಿಸಿದ್ದಾರೆ. ತಾರೀಖು ಗೀರೀಖು ಗೊತ್ತಿಲ್ಲ, ಊರಮ್ಮನ ಹಬ್ಬದಲ್ಲಿ, ಆರತಿ ಹೊರಡುವ ಹೊತ್ತಿಗೆ ಹುಟ್ಟಿದ ಮಗಳು. ಹಬ್ಬ ಹತ್ತಿರ ಬಂತು, ಬರುವ ಮಂಗಳವಾರಕ್ಕೆ ಬಂದುಬಿಡಿ, ಎಂದು.

ಸಿದ್ಧತೆ ಪೂರ್ತಿಯಾಗಿದೆ. ನಂಜನಗೂಡಿನಿಂದ ಹಸಿರು ಸೀರೆ ತರಿಸಿದೆ. ರಸಬಾಳೆಯ ಗೊನೆ ಕಾಯಿಯಾಗಿಯೇ ಕಡಿಸಿದ್ದೇನೆ. ಇವೆರಡಕ್ಕಿಂತ ಮುಖ್ಯವಾದದ್ದು, ಒಂದು ಅಭಿನಂದನ ಪತ್ರ. ಹಿಂದಿನ ಅಮಲ್ದಾರರಿಗೆ ವರ್ಗವಾದಾಗ ಬರೆದುಕೊಟ್ಟವನು ನಾನೇ, ಆದ್ದರಿಂದ ಕೈ ಪಳಗಿದೆ. ‘ಗೃಹಕೃತ್ಯಧುರಂಧರೆಯೂ ಸಕಲಸದ್ಗುಣಮಂಡಿತೆಯೂ ಆದ’ ಎಂದು ಮೊದಲಾಗುತ್ತದೆ.

ಒಂದೇ ಎಚ್ಚರಿಕೆ ಬೇಕು. ಮಾರ್ಚಿ ಆರನೇ ತಾರೀಖು ಶನಿವಾರ ನಮ್ಮ ಸ್ಕೂಲಿಗೆ ಇನ್ಸ್‌ಪೆಕ್ಟರು ಬರುತ್ತಾರೆ. ನಂಜನಗೂಡಿಗೆ ಬಡ್ತಿ ಸಿಗುವುದು ಬಿಡುವುದು ಅವರು ಬರೆಯುವ ನಾಲ್ಕು ಸಾಲಿನ ಮೇಲಿದೆ. ಸೋಮವಾರ ಹೊರಟು, ಮಂಗಳವಾರ ವರ್ಧಂತಿ ಮುಗಿಸಿ, ಬುಧವಾರ ದಂಪತಿಗಳಾಗಿ ಹೊರಟು, ಗುರುವಾರ ಮನೆ. ಒಂದು ದಿನ ಕೈಯಲ್ಲೇ ಉಳಿಯುತ್ತದೆ.

ಹೆಮ್ಮಿಗೆ, ಮಾರ್ಚಿ ೨, ಮಂಗಳವಾರ, ಸಂಜೆ ೭-೧೫

ನಿನ್ನೆ ರಾತ್ರಿ ತಿರುಮಕೂಡಲಿನ ಛತ್ರದಲ್ಲಿ ತಂಗಿ, ಇವತ್ತು ಹರಿಗೋಲಿನಲ್ಲಿ ಹೊಳೆ ದಾಟಿ, ೩-೪೦ಕ್ಕೆ ಇಲ್ಲಿ ತಲುಪಿದೆ. ಅತ್ತೆಯವರು ಕಾಲಿಗೆ ನೀರು ಕೊಟ್ಟು, ‘ಬನ್ನಿ ಅಳಿಯಂದ್ರೇ’ ಎಂದು ಬಾಯ್ತುಂಬ ಕರೆದರು. ರುದ್ರಾಣಿ ಒಳಗಿನಿಂದ ಬಂದು ‘ಬಂದ್ರಾ’ ಎಂದಳು. ಗೊನೆಯನ್ನು ಇಳಿಸಿಕೊಂಡು ಹೋದಳು. ಸ್ವಲ್ಪ ಇಳಿದುಹೋಗಿದ್ದಾಳೆ, ಅಥವಾ ನಾನು ಮೊದಲು ಸರಿಯಾಗಿ ನೋಡಿರಲಿಲ್ಲವೋ ಏನೋ.

ಪತ್ರವನ್ನು ಯಾವಾಗ ಓದಲಿ ಎಂದು ಯೋಚಿಸುತ್ತಿರುವಾಗಲೇ ಬೀದಿಯಲ್ಲಿ ತಮಟೆ ಬಿತ್ತು. ಒಬ್ಬ ಜೋರಾಗಿ ಕೂಗುತ್ತಾ ಹೋದ: ‘ಊರಮ್ಮನ ಸಾರು ಬಿದ್ದೈತೆ! ಊರೊಳಗೆ ಇರೋರು ಊರಾಚೆ ತಂಗಂಗಿಲ್ಲ! ವಗ್ಗರಣೆ ಆಕಂಗಿಲ್ಲ, ಕುಟ್ಟಂಗಿಲ್ಲ, ಬೀಸಂಗಿಲ್ಲ!’

‘ಹಾಗೆಂದರೇನು ಅತ್ತೆಯವರೇ?’ ಎಂದೆ.

‘ಇನ್ನೇನಿಲ್ಲ, ಅಬ್ಬ ಗೊತ್ತುಮಾಡಿ ಊರಿಗೆ ಸಾರಿದ್ರು. ಬರೋ ಮಂಗಳವಾರ ಆರತಿ. ಅಲ್ಲೀಗಂಟ ಊರಲ್ಲಿದ್ದೋರು ಊರಲ್ಲೇ.’

‘ಬರುವ ಮಂಗಳವಾರವೇ? ಇವತ್ತಲ್ಲವೇ ಹಬ್ಬ?’

‘ಇವತ್ತು ಸಾರು, ಅಬ್ಬ ಮುಂದಿನ್ವಾರ. ಅಯ್ಯೋ, ನಿಮಗೆ ಏಳಿ ಕಳಿಸೋದೇ ಮರ್ತೋಯ್ತು ನೋಡಿ.’

ಮೂರು ವರ್ಷದ ಹಿಂದೆ ನಾನು ಈ ಮನೆಯಲ್ಲಿ ಎಷ್ಟು ಕಡುಬು ತಿಂದೆನೆಂದು ಇವತ್ತಿಗೂ ಹೇಳಬಲ್ಲ ಹೆಂಗಸು ಇದನ್ನು ಮರೆತರಂತೆ. ನಂಬಬೇಕಂತೆ.

ಮಾರ್ಚಿ ೩, ಬುಧವಾರ, ಬೆಳಿಗ್ಗೆ ೧೧-೩೦

ಒಗ್ಗರಣೆಯಿಲ್ಲದ ಸಾರನ್ನು ಉಂಡವರಿಗೇ ಅದರ ಕಷ್ಟ ಗೊತ್ತು. ಬೆಳಗಿನಿಂದ ಊರೆಲ್ಲ ಸದ್ದೇ ಇಲ್ಲ. ಒನಕೆ ಸದ್ದಿಲ್ಲ, ಬೀಸುವ ಕಲ್ಲಿನ ಸದ್ದಿಲ್ಲ, ಸಾಸಿವೆ ಚಟಪಟ ಇಲ್ಲ. ಆರತಿಯ ತಂಬಿಟ್ಟಿಗೆ ಬೇಕಾದ ಅಕ್ಕಿ ಹಿಟ್ಟನ್ನು ಎಲ್ಲರೂ ಮೊದಲೇ ಕುಟ್ಟಿ ಮಡಕೆಯಲ್ಲಿ ತುಂಬಿಟ್ಟಿದ್ದಾರೆ. ಹಬ್ಬದ ವಿಷಯ ಮರೆತದ್ದು ನನಗೊಬ್ಬನಿಗೆ ಹೇಳುವುದನ್ನು ಮಾತ್ರ.

ಊರ ಯಜಮಾನ ಚಾಮಯ್ಯನವರು ಜಗಲಿಯ ಮೇಲೆ ಸಿಕ್ಕಿದರು. ಎಂಬತ್ತರ ಮುದುಕರು. ಸರ್ಕಾರಿ ಕೆಲಸವೆಂದರೇನು, ಇನ್ಸ್‌ಪೆಕ್ಟರೆಂದರೇನು, ಮೂಢನಂಬಿಕೆಯೆಂದರೇನು ಎಂದು ಅವರಿಗೆ ಅರ್ಧ ಗಂಟೆ ವಿವರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, ‘ಚೆಂದಾಗಿ ಏಳ್ತೀರಿ ಮೇಷ್ಟ್ರೇ. ನಾಳಿಕ್ಕೂ ಬನ್ನಿ’ ಎಂದರು.

ರುದ್ರಾಣಿ ಬೆಳಗಿನಿಂದ ನನ್ನೊಡನೆ ಆಡಿದ್ದು ಏಳು ಮಾತು. ಅದರಲ್ಲಿ ನಾಲ್ಕು ‘ನೀರು ಬೇಕಾ’.

ಮಾರ್ಚಿ ೪, ಗುರುವಾರ, ಮಧ್ಯಾಹ್ನ ೧೨-೫೦

ಇವತ್ತು ಬೆಳಗಿನ ಜಾವ ೫-೧೦ಕ್ಕೆ ಯಾರಿಗೂ ಹೇಳದೆ ಹೊಳೆದಡಕ್ಕೆ ಹೋದೆ. ಶನಿವಾರ ಸ್ಕೂಲಿನಲ್ಲಿರಬೇಕಾದರೆ ಇದೇ ಕೊನೆಯ ಅವಕಾಶ. ಹರಿಗೋಲಿನ ಬೋರಯ್ಯ ಬೀಡಿ ಸೇದುತ್ತಾ ಕೂತಿದ್ದ. ದಾಟಿಸು ಎಂದೆ.

‘ಆಗಕಿಲ್ಲ ಸಾ, ಸಾರು ಬಿದ್ದದೆ.’

‘ನಾನು ಈ ಊರಿನವನಲ್ಲವಯ್ಯ, ದೇವನೂರಿನವನು.’

‘ದಿಟವೇ. ಆದ್ರೆ ಸಾರು ಬೀಳೋವಾಗ ಊರೊಳಗೆ ಇದ್ರಲ್ಲ? ಮಲ್ಲಾಜಮ್ಮಾರ ಮನೇಲಿ ಉಂಡ್ರಲ್ಲ? ಯಜಮಾನ್ರು ಊ ಅನ್ಲಿ, ಈಗ್ಲೇ ಬುಡ್ತೀನಿ.’

ಎಂಟು ಗಂಟೆಗೆ ಅರಳಿಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ಎದುರಿಗೆ ಅಪರಾಧಿಯ ಹಾಗೆ ನಾನು. ಚಾಮಯ್ಯನವರು ಬಹಳ ನ್ಯಾಯವಾಗಿ ಯೋಚಿಸಿದರು. ಸಾರಿನ ಕಟ್ಟುಪಾಡು ಊರಿನ ಮನೆಗಳಿಗೆ, ಮನೆಯವರಿಗೆ. ದಾರಿಹೋಕರಿಗೆ, ನೆಂಟರಿಗೆ ಕಟ್ಟಿಲ್ಲ. ಅಳಿಯ ನೆಂಟನೂ ಹೌದು, ಮನೆಯವನೂ ಹೌದು. ಆ ಮನೆಯಲ್ಲಿ ಮಾವನವರು ತೀರಿಕೊಂಡಿದ್ದಾರೆ, ಬೇರೆ ಗಂಡಸಿಲ್ಲ. ಹಾಗಾಗಿ ಹೇಳಬೇಕಾದವಳು ಮಗಳು.

ರುದ್ರಾಣಿಯನ್ನು ಕರೆಸಿದರು. ಸೆರಗು ಹೊದ್ದು ಬಂದು ನಿಂತಳು.

‘ಏಳವ್ವಾ. ಇವ್ರು ನಿಮ್ಮ ಮನೆಯೋರೋ, ಬಂದ ನಂಟರೋ? ಮನೆಯೋರು ಅಂದ್ರೆ ಅಬ್ಬ ಮುಗಿಯೋಗಂಟ ಓಗಂಗಿಲ್ಲ. ನಂಟರು ಅಂದ್ರೆ ಈಗ್ಲೇ ಓಗ್ಬೋದು.’

ಅವಳು ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು: ‘ನಂಟರು.’

ಗೆದ್ದೆ. ಎರಡು ಗಂಟೆಗೆ ಹರಿಗೋಲು ಹೊರಡುತ್ತದೆ. ಚೀಲ ಕಟ್ಟಬೇಕು.

ಅದೇ ದಿನ, ಸಂಜೆ

ಹೋಗಲಿಲ್ಲ. ಕಾರಣಗಳು ಹಲವಾರು. ಬಿಸಿಲು ಜಾಸ್ತಿಯಿತ್ತು. ಬೋರಯ್ಯನ ಹರಿಗೋಲು ಒಂದು ಕಡೆ ಸೋರುತ್ತದೆ ಎಂದು ಬರುವಾಗಲೇ ಗಮನಿಸಿದ್ದೆ. ಎಡಗಾಲಿನ ಜೋಡು ಕಚ್ಚುತ್ತಿದೆ. ಅಲ್ಲದೆ ಅಷ್ಟು ದೂರದಿಂದ ವರ್ಧಂತಿಗೆಂದು ಬಂದವನು ವರ್ಧಂತಿ ಮಾಡದೆ ಹೋಗುವುದು ಶಿಸ್ತಲ್ಲ.

ಎರಡು ಗಂಟೆಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊಳೆದಡದವರೆಗೂ ಹೋಗಿದ್ದೆ. ಬೋರಯ್ಯ ಹತ್ತಿಸಿಕೊಳ್ಳಲು ಕೈ ಚಾಚಿದ. ‘ಅತ್ತಿ ಸಾ’ ಎಂದ. ನಾನು ನಿಂತೇ ಇದ್ದೆ. ‘ನಂಟರು’ ಎಂದ ಆ ಒಂದು ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಐದು ವರ್ಷ ಒಂದೇ ಮನೆಯಲ್ಲಿ ಉಂಡವಳು ಕಣ್ಣು ಮಿಟುಕಿಸದೆ ಹಾಗೆ ಹೇಳಿದಳಲ್ಲ. ಹರಿಗೋಲಿಗೆ ಬೆನ್ನು ತಿರುಗಿಸಿ ನಡೆದೆ. ಒಗ್ಗರಣೆಯಿಲ್ಲದ ಊಟದ ಪರಿಣಾಮವೂ ಇರಬಹುದು.

ಹಿಂದಕ್ಕೆ ಬಂದಾಗ ರುದ್ರಾಣಿ ಹಿತ್ತಿಲಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು. ಚೀಲ ನೋಡಿದಳು, ನನ್ನ ಮುಖ ನೋಡಿದಳು. ‘ಯಾಕೆ?’ ಎಂದಳು. ಜೋಡು ಕಚ್ಚುತ್ತದೆ ಎಂದೆ.

ಮಾರ್ಚಿ ೫, ಶುಕ್ರವಾರ

ನೆಂಟನಾಗಿರುವುದು ಬಹಳ ಕಷ್ಟ. ಪಂಚಾಯಿತಿಯ ತೀರ್ಮಾನವನ್ನು ಅತ್ತೆಯವರು ಅಕ್ಷರಶಃ ಪಾಲಿಸುತ್ತಿದ್ದಾರೆ. ಅಡಿಗೆಮನೆಯ ಹೊಸ್ತಿಲು ದಾಟಿದರೆ ‘ಅಯ್ಯೋ, ನಂಟ್ರು ಕೂತ್ಕಳಿ’ ಎಂದು ಚಾಪೆ ಹಾಸುತ್ತಾರೆ. ಹಿತ್ತಿಲಿಗೆ ಹೋದರೆ ‘ನಂಟ್ರಿಗೆ ಬಿಸಿಲು’. ಬೆಳಗಿನಿಂದ ಒಂಬತ್ತು ಸಲ ಚಾಪೆ ಹಾಸಿಸಿಕೊಂಡಿದ್ದೇನೆ.

ಮಧ್ಯಾಹ್ನ ಅವರಿಗೆ ತೂಕಡಿಕೆ ಹತ್ತಿದಾಗ ಬಿಂದಿಗೆ ಕದ್ದುಕೊಂಡು ಹೊಳೆಗೆ ಹೋಗಿ ನೀರು ತಂದೆ. ಆರು ಸಲ. ಮೊದಲ ಸಲ ಅರ್ಧ ನೀರು ನನ್ನ ಮೈಮೇಲೇ ಇತ್ತು. ದಡದಲ್ಲಿದ್ದ ಹೆಂಗಸರು ಬಟ್ಟೆ ಒಗೆಯುವುದನ್ನು ಬಿಟ್ಟು ನೋಡಿದರು. ನೋಡಲಿ. ಒಂದು ಬಿಂದಿಗೆ ಇಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ವೇಳಾಪಟ್ಟಿಯಲ್ಲಿ ‘ಆರಕ್ಕೆ ನೀರು’ ಎಂದು ಒಂದು ಸಾಲಿನಲ್ಲಿ ಬರೆದಿದ್ದೆ.

ಮಾರ್ಚಿ ೬, ಶನಿವಾರ

ಇಷ್ಟು ಹೊತ್ತಿಗೆ ಇನ್ಸ್‌ಪೆಕ್ಟರು ನಮ್ಮ ಸ್ಕೂಲಿನಲ್ಲಿ ನನ್ನ ಕುರ್ಚಿಯ ಮೇಲೆ ಕೂತಿರುತ್ತಾರೆ. ಬಸವಯ್ಯ ಬೆವರುತ್ತಿರುತ್ತಾನೆ.

ಗೋಡೆಗೆ ಸುಣ್ಣ ಕಲಸುತ್ತಿದ್ದೆ. ರುದ್ರಾಣಿ ಹಿಂದೆ ಬಂದು ನಿಂತು, ‘ಇವತ್ತಲ್ವಾ ನಿಮ್ಮ ಇನ್ಸ್‌ಪೆಟ್ರು ಬರೋದು?’ ಎಂದಳು.

‘ಹೌದು.’

‘ಮತ್ತೆ?’

‘ಮತ್ತೇನಿಲ್ಲ. ಸುಣ್ಣ ನೀರಾಯಿತೆ ನೋಡು.’

ನೋಡಿದಳು. ಇನ್ನೂ ಒಂದು ಹಿಡಿ ಹಾಕಿದಳು.

ಮಾರ್ಚಿ ೭, ಭಾನುವಾರ

ಇದನ್ನು ಹೇಗೆ ಬರೆಯಲಿ.

ನಾನು ಗೋಡೆಗೆ ಸುಣ್ಣ ಹೊಡೆಯುತ್ತಿದ್ದೆ, ಅವಳು ಕೆಳಗೆ ಕೆಮ್ಮಣ್ಣಿನ ಅಂಚು ಬಳಿಯುತ್ತಿದ್ದಳು. ಒಂದು ಗೋಡೆ ಮುಗಿಯಿತು. ಸುಮ್ಮನಿರಲಾರದೆ ನಾನೇ ಶುರು ಮಾಡಿದೆ. ಆ ದಿನ ನಾನು ಆಡಿದ್ದು ಬರೀ ತಮಾಷೆ, ಅದನ್ನು ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಳ್ಳುವುದೇ, ಎಂದೆ.

ಅವಳು ಕೈ ನಿಲ್ಲಿಸಲಿಲ್ಲ. ‘ತಮಾಷೆ ಅಂತ ನಂಗೂ ಗೊತ್ತಿತ್ತು’ ಎಂದಳು.

‘ಮತ್ತೆ?’

‘ಅದಕ್ಕೇ ನಿಂತ್ಕಂಡೆ. ಈಗ ಕರೀತಾರೆ, ಬಾ ಸಾಕು ಅಂತಾರೆ ಅಂತ. ಪಾಯಸ ಆಯ್ತು. ಮಜ್ಜಿಗೆ ನೀವೇ ಬಡಿಸ್ಕಂಡ್ರಿ. ಎಲೆ ಅಡಿಕೆನೂ ಆಯ್ತು. ಅವರು ಓಗೋವಾಗ ನನ್ನ ಪಕ್ಕದಲ್ಲೇ ಜೋಡು ಮೆಟ್ಕಂಡ್ರು. ಕಾಲು ನೋಯ್ಲಿಲ್ಲ ನಂಗೆ. ನೀವು ನನ್ನ ಮರ್ತೇಬುಟ್ಟಿದ್ರಿ.’

ಹೌದು. ಮರೆತೇಬಿಟ್ಟಿದ್ದೆ. ಅವರನ್ನು ಬೀದಿಯ ತುದಿಯವರೆಗೆ ಬಿಟ್ಟು ಬಂದಾಗಲೂ ಅವಳು ಅಲ್ಲೇ ಇದ್ದಳು. ‘ಇನ್ನೂ ಊಟ ಮಾಡಿಲ್ಲವೇ, ಗಂಟೆ ಎಷ್ಟಾಯಿತು’ ಎಂದು ನಾನು ಕೇಳಿದ್ದೆ. ಇದು ಈಗ ನೆನಪಾಗುತ್ತಿದೆ. ಅಷ್ಟು ದಿನ ಎಲ್ಲಿ ಹೋಗಿತ್ತೋ.

ಸುಣ್ಣದ ಕುಂಚ ಹಿಡಿದುಕೊಂಡೇ ‘ತಪ್ಪಾಯಿತು ರುದ್ರಾಣಿ’ ಎಂದೆ. ಹನ್ನೊಂದು ವರ್ಷದಿಂದ ಮೇಷ್ಟ್ರಾಗಿದ್ದೇನೆ. ಈ ಮಾತನ್ನು ಬೇರೆಯವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳಿಸಿದ್ದೇನೆ. ನಾನು ಹೇಳಿದ್ದು ಇದೇ ಮೊದಲಿರಬೇಕು.

ಅವಳು ಕೈಯ ಕೆಮ್ಮಣ್ಣು ಒರೆಸಿಕೊಂಡು ತಲೆಯೆತ್ತಿ ನೋಡಿದಳು. ‘ಕಣ್ಗೆ ಸುಣ್ಣ ಬಿದ್ದದೆ, ತೊಳ್ಕಳಿ’ ಎಂದಳು. ಕಣ್ಣಿಗೆ ಸುಣ್ಣ ಬಿದ್ದಿರಲಿಲ್ಲ.

ಮಾರ್ಚಿ ೮, ಸೋಮವಾರ

ರಸಬಾಳೆ ಹಣ್ಣಾಗಿದೆ. ಮನೆಯೆಲ್ಲ ಘಮಘಮ. ಅತ್ತೆಯವರು ಕೇರಿಗೆಲ್ಲ ಹಂಚಿ, ‘ನಮ್ಮ ನಂಟ್ರು ತಂದಿದ್ದು’ ಎಂದು ಹೇಳಿ ಬಂದರು. ಆ ಮಾತು ಕೇಳಿದರೆ ಈಗಲೂ ಮುಳ್ಳು ಚುಚ್ಚಿದ ಹಾಗಾಗುತ್ತದೆ.

ಅಭಿನಂದನ ಪತ್ರವನ್ನು ತೆಗೆದು ಓದಿದೆ. ರುದ್ರಾಣಿಯ ಹೆಸರು ತೆಗೆದು ಅಮಲ್ದಾರರ ಹೆಸರು ಹಾಕಿದರೆ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ. ಅವಳಿಗೆ ಹುಣಿಸೆಹಣ್ಣಿನ ಹುಳಿ ಹೆಚ್ಚಿಗೆ ಬೇಕು, ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಕೆಮ್ಮಣ್ಣಿನ ಅಂಚನ್ನು ದಾರ ಹಿಡಿಯದೆ ನೇರ ಎಳೆಯುತ್ತಾಳೆ. ಇದೊಂದೂ ಅದರಲ್ಲಿಲ್ಲ. ಒಲೆಗೆ ಹಾಕಿದೆ.

ಸೀರೆ ಕೊಟ್ಟೆ. ಯಾಕೆ ಎಂದು ಕೇಳಿದಳು. ನಾಳೆ ನಿನ್ನ ವರ್ಧಂತಿ ಎಂದೆ. ‘ನಂಗಾ!’ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಜೊತೆಯಲ್ಲಿ ಬರುತ್ತೀಯಾ ಎಂದು ಕೇಳಲು ಎರಡು ಸಲ ಹೋಗಿ ಎರಡು ಸಲವೂ ನೀರು ಕೇಳಿ ಬಂದೆ. ಬರುವುದಿಲ್ಲ ಎಂದರೆ ಏನು ಮಾಡುವುದು? ನೆಂಟನನ್ನು ಸಾಗಹಾಕುವುದು ಯಾರಿಗೂ ಕಷ್ಟವಲ್ಲ. ಭಯವಾಗುತ್ತದೆ.

ಮಾರ್ಚಿ ೯, ಮಂಗಳವಾರ

ಮಧ್ಯಾಹ್ನಕ್ಕೇ ಬೀದಿಯ ಎರಡು ಕಡೆಯೂ ಜನ. ಈ ಊರಿನಲ್ಲಿ ಮನೆಗೊಂದು ಆರತಿ. ತಂಬಿಟ್ಟಿನ ಮೇಲೆ ದೀಪವಿಟ್ಟು, ಹೊಂಬಾಳೆ ಸಿಕ್ಕಿಸಿ, ಮನೆಯ ಹೆಣ್ಣುಮಗಳು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಗುಡಿಗೆ ನಡೆಯಬೇಕು. ಬಿಸಿಲಿಗೆ ನೆಲ ಕಾದಿರುತ್ತದೆ. ಅದಕ್ಕೆ ಆ ಮನೆಯ ಗಂಡಸು ಮುಂದೆ ಮುಂದೆ ನೀರು ಹಾಕುತ್ತಾ ಹೋಗಬೇಕು. ಮಾವನವರು ಹೋದಮೇಲೆ ಈ ಮನೆಯ ಆರತಿಗೆ ಚಾಮಯ್ಯನವರೇ ನೀರು ಹಾಕುತ್ತಾರಂತೆ.

ಹಸಿರು ಸೀರೆ ಉಟ್ಟು ರುದ್ರಾಣಿ ಆರತಿ ಹೊತ್ತಳು. ಎಷ್ಟು ಚೆನ್ನಾಗಿ ಕಂಡಳೆಂದರೆ ನಾನು ನೋಡುವುದಕ್ಕೆ ನಾಚಿಕೊಂಡೆ. ನನ್ನ ಜಾಗ ಜಗಲಿಯ ಮೇಲೆ, ನೆಂಟರ ಸಾಲಿನಲ್ಲಿ. ತಮಟೆ ಬಿತ್ತು. ಚಾಮಯ್ಯನವರು ಬಗ್ಗಿ ಬಿಂದಿಗೆ ಎತ್ತಿಕೊಂಡರು.

‘ತಾತ’ ಎಂದಳು ರುದ್ರಾಣಿ. ‘ಅದನ್ನ ಅವ್ರಿಗೆ ಕೊಡಿ.’

ತಮಟೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು.

‘ಅಲ್ಲ ಕಣವ್ವಾ,’ ಎಂದರು ಚಾಮಯ್ಯನವರು, ‘ಮೊನ್ನೆ ಕಟ್ಟೆ ಮುಂದೆ ನಂಟರು ಅಂದಿದ್ದೆಯಲ್ಲ?’

‘ಮನೆಯೋರು ಅಂದಿದ್ರೆ ಇವರ ಕೆಲ್ಸಕ್ಕೆ ಸಂಚಕಾರ ಬತ್ತಿತ್ತು ತಾತ. ಶನಿವಾರಕ್ಕೆ ಸ್ಕೂಲಲ್ಲಿ ಇರ್ಲಿ ಅಂತ ನಂಟರು ಅಂದೆ. ಬುಟ್ರೂ ಓಗ್ಲಿಲ್ಲವಲ್ಲ ಇವ್ರು. ನಾನೇನ್ ಮಾಡ್ಲಿ?’

ಬೀದಿಯೆಲ್ಲ ಗೊಳ್ಳೆಂದಿತು. ಬೋರಯ್ಯ ‘ಮೇಷ್ಟ್ರ ಜೋಡು ಕಚ್ತಿತ್ತಂತೆ ಕಣ್ಲಾ’ ಎಂದು ಕೂಗಿದ. ನನಗೆ ಜಗಲಿ ಇಳಿಯುವುದೇ ಕಷ್ಟವಾಯಿತು. ಐದು ದಿನ ಆ ಒಂದು ಮಾತನ್ನು ಹೊತ್ತುಕೊಂಡು ಒಳಗೊಳಗೇ ಬೆಂದಿದ್ದೆ. ಅವಳು ನನ್ನನ್ನು ದೂರ ಮಾಡಲು ಹೇಳಿರಲಿಲ್ಲ. ನನ್ನ ಬಡ್ತಿ ಉಳಿಯಲೆಂದು, ಊರ ಮುಂದೆ ಗಂಡನನ್ನು ನೆಂಟ ಎಂದು ಕರೆದಳೆಂಬ ಅಪವಾದವನ್ನು ತಾನು ಹೊತ್ತುಕೊಂಡಿದ್ದಳು. ಅದೂ ನಾನು ತಪ್ಪಾಯಿತು ಎನ್ನುವುದಕ್ಕೆ ಮೂರು ದಿನ ಮುಂಚೆ.

ಬಿಂದಿಗೆ ಇಸಿದುಕೊಂಡು ನೀರು ಹಾಕಿದೆ. ‘ನಿಧಾನ’ ಎಂದಳು ಹಿಂದಿನಿಂದ. ನಿಧಾನವಾಗಿ ಹಾಕಿದೆ. ಬಿಂದಿಗೆ ಖಾಲಿಯಾದಾಗಲೆಲ್ಲ ಯಾರೋ ತುಂಬಿ ಕೊಟ್ಟರು. ಗುಡಿ ಎಷ್ಟು ದೂರವಿತ್ತೋ, ಎಷ್ಟು ಹೊತ್ತಾಯಿತೋ ತಿಳಿಯದು. ಅವಳ ಕಾಲು ಸುಡಬಾರದು ಎಂಬುದೊಂದೇ ತಲೆಯಲ್ಲಿತ್ತು.

ವಾಪಸು ಬರುವಾಗ ಜನ ಚದುರಿದ್ದರು. ಇಬ್ಬರೇ ನಡೆಯುತ್ತಿದ್ದೆವು. ಪಂಚೆ ಮೊಣಕಾಲವರೆಗೆ ಒದ್ದೆ. ಇವತ್ತು ನಿನ್ನ ವರ್ಧಂತಿ, ಏನಾದರೂ ಕೇಳು, ಕೊಡುತ್ತೇನೆ ಎಂದೆ.

‘ಈಗ್ಲೇ ಬ್ಯಾಡ,’ ಎಂದಳು. ‘ನಮ್ಮೂರ್ಗೆ ಓಗಿ ಸೇರ್ಕಂಡ್ ಮೇಲೆ ಕೇಳ್ತೀನಿ.’

ಹೆಮ್ಮಿಗೆಯ ಬೀದಿಯಲ್ಲಿ ನಿಂತುಕೊಂಡು ಅವಳು ದೇವನೂರನ್ನು ನಮ್ಮೂರು ಎಂದಳು.